ಹೆಂಡತಿ ಬರುವ ಹೊತ್ತು

"ಬಾಯಾರ, ಅಷ್ಟು ಹತ್ತರ ಕೂಡಬ್ಯಾಡ್ರಿ. ನನಗ ಹೆಂಡತಿ ಅದಾಳ."

ಅನ್ನ ಕಲಸುತ್ತಿದ್ದ ಕಾಶವ್ವನ ಕೈ ನಿಂತಿತು. ಹಾಗೆ ಹೇಳಿದವನು ಅವಳನ್ನೇ ಕಟ್ಟಿಕೊಂಡ ಗಂಡ, ನೀಲಕಂಠಪ್ಪ. ಮೂವತ್ತನಾಲ್ಕರ ಪ್ರಾಯದಲ್ಲೇ ಲಕ್ವ ಹೊಡೆದು ಅವನ ಬಲಗೈ ಹೋಯಿತು. ಆಮೇಲೆ ಫಿಟ್ಸ್ ಶುರುವಾದವು. ವರ್ಷ ಕಳೆದಂತೆ ನೆನಪೂ ಕರಗತೊಡಗಿತು. ಮೊದಲು ಅಂಗಡಿಗೆ ಹೋಗುವ ಟ್ರಾಮಿನ ದಾರಿ ಮರೆತ, ಈಗ ಅವಳ ಮುಖ. ಫಿಟ್ಸ್ ಅಂದರೆ ಹೆದರುವ ನೆರೆಯವರು ಹತ್ತಿರ ಸುಳಿಯುತ್ತಿರಲಿಲ್ಲ. ಮುಂಬಯಿಯ ಸಯನ್ನಿನ ಆ ಚಾಳಿನಲ್ಲಿ ಇಷ್ಟೊಂದು ಜನರಿದ್ದೂ ಕಾಶವ್ವ ಒಂಟಿ.

"ಹೆಂಗ ಅದಾಳ್ರಿ ಹೆಂಡತಿ?" ನಗು ತಂದುಕೊಂಡು ಕೇಳಿದಳು.

ಅವನು ಓರೆಗಣ್ಣಿನಿಂದ ಅವಳ ಮೂಗುತಿ ನೋಡಿ, ಸಿಕ್ಕಿಬಿದ್ದವನ ಹಾಗೆ ಕಿಟಕಿಯತ್ತ ತಿರುಗಿದ.

"ಭಾಳ ಚಂದ. ಸಿಟ್ಟು ಮಾತ್ರ ಮೂಗಿನ ತುದೀಗೆ."

ಅವಳಿಗೆ ತನ್ನ ಮೇಲೇ ಹೊಟ್ಟೆಕಿಚ್ಚಾಯಿತು. ಎಷ್ಟು ಪುಣ್ಯವಂತೆ ಆ ಹೆಂಗಸು, ಇವನ ಮನಸ್ಸಿನಲ್ಲಿ ಹಾಯಾಗಿ ಕೂತಿದ್ದಾಳೆ!

"ನಿಮ್ಮ ಯಜಮಾನ್ರ ಹೆಸರೇನ್ರಿ?"

ಗಂಡನ ಹೆಸರನ್ನು ಬರಿದೇ ಹೇಳುವ ರೂಢಿ ಅವಳ ಧಾರವಾಡದ ಕಡೆ ಇಲ್ಲ. ಒಡಪು ಕಟ್ಟಿ, ಅದರೊಳಗೆ ಸೇರಿಸಿಯೇ ಹೇಳಬೇಕು. ಕಾಶವ್ವ ಸೆರಗು ಹೊದ್ದುಕೊಂಡಳು.

"ಲೋಕಲ್ ಗಾಡ್ಯಾಗ ಗದ್ದಲ ಜಾಸ್ತಿ, ನೀಲಕಂಠಪ್ಪನವರೇ ನನ್ನ ಆಸ್ತಿ."

"ಅರೇ, ನನ್ನ ಹೆಸರೂ ಅದ!" ಖುಷಿಯಿಂದ ತೊಡೆ ತಟ್ಟಿಕೊಂಡ. ಅವಳು ಆಸೆಯಿಂದ ಕಾದಳು. ಅವನಿಗೆ ಮುಂದೇನೂ ಹೊಳೆಯಲಿಲ್ಲ.

"ಹಂಗಾದ್ರ ಮನೀಗೆ ಹೋಗ್ರಿ. ಪಾಪ, ದಾರಿ ಕಾಯ್ತಿರ್ತಾರ. ನನ್ನಾಕಿ ಬಂದ್ರ ತಪ್ಪು ತಿಳ್ಕೋತಾಳ."

ಎಡಗೈಯಿಂದ ಅವಳನ್ನು ಮೆಲ್ಲಗೆ ಹೊರಗೆ ಕಳಿಸಿ ಚಿಲಕ ಹಾಕಿಕೊಂಡ.

ಕಾಶವ್ವ ಬಾಗಿಲಿಗೆ ಕಿವಿಗೊಟ್ಟಳು. ಫಿಟ್ಸ್ ಯಾವಾಗ ಬೇಕಾದರೂ ಬಂದೀತು, ಒಬ್ಬನನ್ನೇ ಬಿಡಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಕೂಗಾಡಿದರೆ ಹೆದರುತ್ತಾನೆ. ಬಾಗಿಲ ಮುಂದಿನ ಗ್ಯಾಲರಿಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಆಮೇಲೆ, ಈಗಷ್ಟೇ ಬಂದವಳ ಹಾಗೆ ಬಾಗಿಲು ಬಡಿದಳು.

"ಯಾರು?"

"ನಾನ್ರೀ, ನಿಮ್ಮ ಕಾಶಿ. ಮಾರ್ಕೆಟ್ಟಿಂದ ಬಂದೆ. ಬಾಗಲಾ ತಗೀರಿ."

ಒಳಗೆ ತಡವರಿಸುವ ಹೆಜ್ಜೆ ಕೇಳಿಸಿತು. ಚಿಲಕ ಸರಿಯಿತು. ಈ ಸಲ ಅದೇ ಮುಖದ ಗುರುತು ಅವನಿಗೆ ಸಿಕ್ಕಿತು.

"ಎಷ್ಟ ತಡಾ ಮಾಡಿದಿ, ಕಾಶಿ!"

ಅವನು ಅವಳ ಭುಜಕ್ಕೆ ತಲೆಯಿಟ್ಟ. ಅವಳು ಬಿಗಿಯಾಗಿ ಹಿಡಿದುಕೊಂಡಳು. ಎಷ್ಟು ದಿನವಾಗಿತ್ತು ಅವನು ಹೀಗೆ ಒರಗಿ!

"ಯಾರೋ ಒಬ್ಬಾಕಿ ಬಂದಿದ್ಲು," ತಪ್ಪು ಮಾಡಿದವನ ದನಿಯಲ್ಲಿ ಹೇಳಿದ. "ನಾ ಹೊರಗ ಕಳಿಸಿದೆ. ಆದ್ರ ಪಾಪ, ಅಕೀಗೆ ಯಾರೂ ಇಲ್ಲೇನೋ ಅನಸ್ತು. ಮತ್ತ ಬಂದ್ರ ಕೂಡಿಸ್ಕೊಳ್ಳಲೇನು? ನಿನಗ ಸಿಟ್ಟು ಬರೂದಿಲ್ಲ ಹೌದಲ್ಲೋ?"

"ಇಲ್ರೀ," ಅಂದಳು ಕಾಶವ್ವ. "ಬಂದ್ರ ಹತ್ತರಾನೇ ಕೂಡಿಸ್ಕೋರಿ."