ಎರಡನೇ ಸಲ ಕರೆಯುವುದಿಲ್ಲ

ರೆಲ್ಯನನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ. ಸೋಮವಾರ ನಮ್ಮ ಮ್ಯೂಸಿಯಂಗೆ ರಜೆ. ಬಾಗಿಲ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಹಾಗಂತ ಬರೆದಿದೆ, ಬರೆದವಳು ನಾನೇ. ಆದರೂ ಈ ಮನುಷ್ಯ ಕರೀ ಕಾರು ತಂದು ಮೆಟ್ಟಿಲ ಬುಡಕ್ಕೇ ನಿಲ್ಲಿಸಿ, ಬಿಳೀ ಗ್ಲೌಸ್ ಹಾಕಿದ ಎರಡು ಬೆರಳಿಂದ ಗಾಜಿನ ಬಾಗಿಲನ್ನು ಮೆತ್ತಗೆ ತಟ್ಟುತ್ತಿದ್ದ.

ನಾನು ಏಣಿಯ ಮೇಲಿದ್ದೆ. ಹಳೇ ಅಂಗಡಿಗಳ ನಿಯಾನ್ ಬೋರ್ಡುಗಳಿಗೆ ಜೀವ ಬರಿಸುವುದು ನನ್ನ ಕೆಲಸ. ಬೆಲ್‌ಗ್ರೇಡ್ ಬೇಡವೆಂದು ಕಿತ್ತೆಸೆದ ಬೋರ್ಡುಗಳೆಲ್ಲ, ಬೂಟಿನಂಗಡಿಯದು, ಹಾಲಿನ ಡೈರಿಯದು, ಮುಚ್ಚಿಹೋದ ಸಿನಿಮಾ ಮಂದಿರದ್ದು, ಸಾವಾ ನದಿ ದಂಡೆಯ ಉಗ್ರಾಣಕ್ಕೆ ಬಂದು ಸೇರಿವೆ. ಎರಡು ವರ್ಷದ ಹಿಂದೆ ಅದೇ ಉಗ್ರಾಣ ಮ್ಯೂಸಿಯಂ ಆಯಿತು. ಈಗ ಅದನ್ನು ನೋಡಲು ವಿಮಾನ ಹತ್ತಿ ಜನ ಬರುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಮ್ಮೂರಿನವರಿಗೆ ಹೇಳಿ ಮಾಡಿಸಿದ ಮಾತು.

"ಇವತ್ತು ರಜೆ," ಎಂದು ಏಣಿಯ ಮೇಲಿಂದಲೇ ಹೇಳಿದೆ.

"ಗೊತ್ತು. ಅದಕ್ಕೇ ಬಂದಿದ್ದು," ಎಂದ ಆತ. ಅವನದು ದುಬಾರಿ ಪ್ರವಾಸದ ಕಂಪನಿಯಂತೆ. ಕಾರಲ್ಲಿ ಇಬ್ಬರು ಗೆಸ್ಟುಗಳಿದ್ದಾರಂತೆ, ಅವರಿಗೆ ನೂಕುನುಗ್ಗಲು ಆಗುವುದಿಲ್ಲವಂತೆ. "ಬೇರೆ ಯಾರಿಗೂ ಸಿಗದೆ ಇರೋದನ್ನ ಅವ್ರಿಗೆ ತೋರಿಸ್ಬೇಕು. ನನ್ನ ಕೆಲಸಾನೇ ಅದು."

"ಹಾಗಾದ್ರೆ ನನ್ನ ನಗು ತೋರಿಸ್ಬಹುದಿತ್ತು. ಅದೂ ಇವತ್ತು ರಜೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನು. ಆತ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಗೆಸ್ಟುಗಳನ್ನು ಪಕ್ಕದ ಕೆಫೆಯಲ್ಲಿ ಕೂರಿಸಿ ಬಂದು, ಗ್ಲೌಸ್ ಬಿಚ್ಚಿ ಜೇಬಿಗೆ ಹಾಕಿಕೊಂಡು, ಏಣಿ ಅಲ್ಲಾಡುತ್ತಿದೆ ಎನ್ನುತ್ತ ಅದರ ಕಾಲು ಹಿಡಿದು ನಿಂತ. ಹಿಡಿಯಲು ನಾನು ಹೇಳಿರಲಿಲ್ಲ. ಬಿಡು ಅಂತಲೂ ಹೇಳಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಡೈರಿಯ ಹಸು ಹೊತ್ತಿಕೊಂಡಿತು. ನೀಲಿ ಬಣ್ಣದ ಹಸು, ಬಾಲ ಮಾತ್ರ ಇನ್ನೂ ಮಿಣಮಿಣ ಅನ್ನುತ್ತಿತ್ತು. ಬಗ್ಗಿ ನೋಡಿದರೆ ಆತ ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದ. ಅದು ಅವನ ಅಜ್ಜಿಯ ಮನೆಯೆದುರು ಇದ್ದ ಹಸುವೇ ಅಂತೆ, ಅದರ ಬೆಳಕಲ್ಲೇ ಮಲಗಿ ನಿದ್ದೆ ಮಾಡಿ ಬೆಳೆದನಂತೆ. ಆ ಮುಖವನ್ನು ನೋಡಿ, ಕರೆದುಕೊಂಡು ಬನ್ನಿ ನಿಮ್ಮ ಗೆಸ್ಟುಗಳನ್ನ, ಹತ್ತೇ ನಿಮಿಷ, ಎಂದೆ.

ಮುಂದಿನ ಸೋಮವಾರವೂ ಬಂದ. ಗೆಸ್ಟುಗಳೆಲ್ಲಿ ಎಂದರೆ, ಇವತ್ತು ನಾನೇ ಗೆಸ್ಟು ಎಂದು ಎಣ್ಣೆ ಹತ್ತಿದ ಕಾಗದದ ಪೊಟ್ಟಣ ಚಾಚಿದ. ಒಳಗೆ ಚೀಸ್ ತುಂಬಿ ಸುಟ್ಟ ಬಿಸಿಬಿಸಿ ಬುರೆಕ್. ಆಮೇಲೆ ಎಲ್ಲ ಸೋಮವಾರವೂ ಹಾಗೇ ಆಯಿತು. ನಾನು ಮೇಲೆ, ಅವನು ಕೆಳಗೆ, ನಡುವೆ ಏಣಿ. ತಂತಿ ಬೇಕಾದಾಗ ಕೈ ಕೆಳಗೆ ಚಾಚುತ್ತಿದ್ದೆ. ತಂತಿ ಕೊಡಲು ಅಷ್ಟು ಹೊತ್ತು ಬೇಕಾಗಿರಲಿಲ್ಲ, ಅವನ ಬೆರಳು ನನ್ನ ಬೆರಳ ಬಳಿ ಸುಮ್ಮನೆ ತಡೆಯುತ್ತಿತ್ತು. ನಾನು ಬಗ್ಗಿ ನೋಡಿದರೆ ಅವನು ಹಸುವನ್ನು ನೋಡುತ್ತಿದ್ದ. ನಾನು ಹಸುವಿನ ಕಡೆ ತಿರುಗಿದರೆ ಅವನ ನೋಟ ನನ್ನ ಹಿಮ್ಮಡಿಯ ಮೇಲೆ ಬೆಚ್ಚಗೆ ಬಂದು ಕೂರುತ್ತಿತ್ತು. ಇಬ್ಬರಲ್ಲಿ ಯಾರೂ ಏನೂ ಹೇಳಲಿಲ್ಲ. ಹೇಳದೇ ಇದ್ದುದೇ ಒಂದು ಸುಖವಾಗಿತ್ತು.

ಅಕ್ಟೋಬರ್ ಬಂದಾಗ ನಾನೇ ಬಾಯಿ ಬಿಟ್ಟೆ. "ಶನಿವಾರ ನಮ್ಮನೇಲಿ ಸಂತ ತೋಮಾನ ದಿನ. ಬಾ."

ಅವನು ಏಣಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಮುಖ ನೋಡಿದ. ನಮ್ಮ ಕಡೆಯವರಿಗೆ ಅದು ಕಾಫಿಗೆ ಕರೆದ ಹಾಗಲ್ಲ. ಪ್ರತಿ ಮನೆಗೂ ಒಬ್ಬ ಸಂತ, ಅವನಿಗೊಂದು ದಿನ. ಆ ದಿನಕ್ಕೆ ಒಬ್ಬರನ್ನು ಒಂದೇ ಸಲ ಕರೆಯುವುದು. ಒಮ್ಮೆ ಬಂದು ಆ ಮನೆಯ ಸಿಹಿ ಗೋಧಿ ತಿಂದವರು ಮರುವರ್ಷದಿಂದ ತಾವಾಗೇ ಬರಬೇಕು. ಎರಡನೇ ಸಲ ಕರೆಯುವಂತಿಲ್ಲ, ಕರೆದರೆ ನಂಟಿನ ಮೇಲೆ ಅನುಮಾನಪಟ್ಟ ಹಾಗೆ. ಬಾರದೇ ಹೋದರೆ ನಂಟು ಮುಗಿಯಿತೆಂದೇ ಲೆಕ್ಕ. ಇನ್ನು ಬಂದವರನ್ನು, ಹಗೆಯವನೇ ಆಗಿರಲಿ, ಬಾಗಿಲಿಂದ ತಿರುಗಿಸಿ ಕಳಿಸುವಂತಿಲ್ಲ.

ರೆಲ್ಯ ಬಂದ. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಒಂದು ಚಮಚ ಗೋಧಿ ತಿಂದ. ನನ್ನ ತಾತ ಸ್ವೆತೋಜಾರ್ ಅಷ್ಟು ಸುಲಭಕ್ಕೆ ಯಾರನ್ನೂ ಒಪ್ಪುವವನಲ್ಲ. ಅಂಥವನು ಇವನಿಗೆ ತನ್ನ ಕೈಯಾರೆ ರಾಕಿಯಾ ಸಾರಾಯಿ ಬಗ್ಗಿಸಿದ, ಮೀಸೆಯ ಕೆಳಗೆ ನಕ್ಕ. ಆ ಗಳಿಗೆಯ ಫೋಟೋ ರೆಲ್ಯ ತೆಗೆದುಕೊಂಡ. ಹೊರಡುವಾಗ ಮೆಟ್ಟಿಲ ತಿರುವಿನಲ್ಲಿ ನನ್ನ ಕೈ ಹಿಡಿದು, ಬಿಡುವುದನ್ನು ಮರೆತ. ನಾನೂ ನೆನಪಿಸಲಿಲ್ಲ.

ಅಲ್ಲಿಂದ ಹನ್ನೊಂದು ತಿಂಗಳು ನಾನು ನೆಲದ ಮೇಲೆ ಕಾಲಿಟ್ಟು ನಡೆದ ನೆನಪಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಮ್ಯೂಸಿಯಂನ ಟಿಕೆಟ್ ಕೌಂಟರ್ ಮೇಲೆ ಅವನ ಕಂಪನಿಯ ಹೊಸ ಕ್ಯಾಟಲಾಗ್ ಬಂದು ಬಿದ್ದಿತ್ತು. ನುಣುಪು ಕಾಗದ, ಚಿನ್ನದ ಅಕ್ಷರ. ನಡುಪುಟ ತೆರೆದರೆ ನನ್ನ ತಾತ ಮೀಸೆಯ ಕೆಳಗೆ ನಗುತ್ತಿದ್ದಾನೆ. ಕೆಳಗೆ ಬರೆದಿತ್ತು: ಅಕ್ಟೋಬರ್ ಹತ್ತೊಂಬತ್ತು, ಹಳೇ ಬೆಲ್‌ಗ್ರೇಡ್ ಮನೆಯೊಂದರಲ್ಲಿ ಸಂತನ ಹಬ್ಬದೂಟ, ಎಂಟು ಮಂದಿಗೆ ಮಾತ್ರ.

ಸೋಮವಾರ ಅವನು ಪೊಟ್ಟಣ ಹಿಡಿದು ಬಂದಾಗ ಆ ಪುಟ ಬಿಡಿಸಿ ಮುಂದಿಟ್ಟೆ. ಅವನ ಮುಖದ ಬಣ್ಣ ಇಳಿಯಿತು. ಆದರೆ ಸುಳ್ಳು ಹೇಳಲಿಲ್ಲ. ಫೋಟೋವನ್ನು ತನ್ನ ಮ್ಯಾನೇಜರಮ್ಮನಿಗೆ ತಾನೇ ತೋರಿಸಿದ್ದಂತೆ. ನಮ್ಮಲ್ಲಿ ಆ ದಿನ ಯಾರಿಗೂ ಬಾಗಿಲು ಮುಚ್ಚುವುದಿಲ್ಲ ಅಂತ ಹೆಮ್ಮೆಯಿಂದ ಕೊಚ್ಚಿಕೊಂಡನಂತೆ. ಆಕೆಯ ಕಣ್ಣು ಅರಳಿತಂತೆ. ಬಂದವರನ್ನು ನೀವು ಹೇಗೂ ಒಳಗೆ ಕರೆಯುತ್ತೀರಲ್ಲ, ಎಂಟು ಜನ ಹೆಚ್ಚಾದರೇನು ಅಂತ ಇವನಿಗೆ ಅನಿಸಿತಂತೆ. ತಾತನ ಹತ್ತಿರ ಕೇಳಬೇಕೆಂದು ಇವತ್ತು ನಾಳೆ ಅಂತ ತಳ್ಳುತ್ತ ಬಂದನಂತೆ.

"ಮುಚ್ಚದೇ ಇರೋ ಬಾಗಿಲಿಗೆ ಟಿಕೆಟ್ ಇಟ್ಯಲ್ಲ ರೆಲ್ಯ," ಎಂದೆ. "ನಿನ್ನನ್ನ ಮನೆಯವನು ಅಂದ್ಕೊಂಡು ತಾತ ಕುಡಿಸ್ದ. ನೀನು ಅವನನ್ನ ನನ್ನ ಹಸು ಥರ ಗೋಡೆಗೆ ನೇತುಹಾಕ್ದೆ."

"ತಪ್ಪಾಯ್ತು ಕೋಸರಾ. ಸರಿ ಮಾಡ್ತೀನಿ."

"ಇನ್ಮೇಲೆ ಸೋಮವಾರ ನಿನಗೂ ರಜೆ."

ಅವನು ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೋದ. ಅದು ತಣ್ಣಗಾಗುವ ತನಕ ನೋಡುತ್ತ ಕೂತಿದ್ದೆ. ಆಡಿದ ಒಂದು ಮಾತಿಗೂ ಪಶ್ಚಾತ್ತಾಪವಿರಲಿಲ್ಲ, ಆದರೂ ಅಳು ಬಂತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಎರಡು ವಾರ ಕಳೆದರೂ ಅವನ ಸುದ್ದಿಯಿಲ್ಲ. ಕರೀ ಕಾರನ್ನು ಈಗ ಬೇರೆ ಯಾರೋ ಓಡಿಸುತ್ತಿದ್ದರು. ನನ್ನ ಕೋಪ ದಿನಕ್ಕಿಷ್ಟು ಕರಗಿ, ಅದಿದ್ದ ಜಾಗದಲ್ಲಿ ಭಯ ಬಂದು ಕೂತಿತು. ಹತ್ತೊಂಬತ್ತಕ್ಕೆ ಅವನು ಬಂದರೆ ನಾವಿನ್ನೂ ಇದ್ದೇವೆ. ಬಾರದಿದ್ದರೆ ಇಲ್ಲ. ಬರಬೇಡ ಅಂತ ಹೇಳುವ ಹಕ್ಕು ನನಗಿಲ್ಲ, ಬಾ ಅಂತ ಹೇಳುವ ಹಕ್ಕೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಫೋನಿನಲ್ಲಿ ಅವನ ಹೆಸರು ತೆಗೆದು ನೋಡುವುದು, ಮತ್ತೆ ಇಡುವುದು, ಇದೇ ಕೆಲಸವಾಯಿತು.

ತಾತನಿಗೆ ನಾನು ಕ್ಯಾಟಲಾಗ್ ತೋರಿಸಿರಲಿಲ್ಲ. ಹಬ್ಬದ ಬೆಳಿಗ್ಗೆ ಮೇಣದಬತ್ತಿ ಹಚ್ಚುತ್ತ ಆತನೇ ಕೇಳಿದ, ನಿನ್ನ ಆ ಗ್ಲೌಸಿನವನು ಎಷ್ಟು ಹೊತ್ತಿಗೆ ಬರುತ್ತಾನೆ ಅಂತ. ಗೊತ್ತಿಲ್ಲ ಎಂದೆ. ನನ್ನ ಮುಖ ಒಮ್ಮೆ ನೋಡಿ, ಕರೆಯೋಕೆ ಹೋಗಬೇಡ ಮತ್ತೆ ಎಂದಷ್ಟೇ ಹೇಳಿ ಬತ್ತಿ ಸರಿ ಮಾಡಿದ.

ಮಧ್ಯಾಹ್ನದ ಹೊತ್ತಿಗೆ ನೆಂಟರಿಂದ ಮನೆ ತುಂಬಿತು. ಎಲೆಕೋಸಿನ ಸುರುಳಿಗಳ ವಾಸನೆ ಮೆಟ್ಟಿಲಿನ ತನಕ. ಹಬ್ಬದ ದಿನ ಮನೆಯ ಯಜಮಾನ ಕೂರುವಂತಿಲ್ಲ. ಅತಿಥಿ ಕೂರಬೇಕು, ಯಜಮಾನ ನಿಂತು ಬಡಿಸಬೇಕು. ತಾತನಿಗೆ ಎಂಬತ್ತೊಂದು, ಬಲಮಂಡಿ ಊದಿಕೊಂಡಿತ್ತು. ಕೂತುಕೋ ಅಂತ ಎಲ್ಲರೂ ಹೇಳಿಯಾಯಿತು. ನನ್ನಪ್ಪ ತೀರಿಕೊಂಡ ಮೇಲೆ ಆ ಜಾಗಕ್ಕೆ ಬೇರೆ ಯಾರೂ ಇಲ್ಲ ಅನ್ನುವುದನ್ನು ಆತ ಬಾಯಿಬಿಟ್ಟು ಹೇಳುವುದಿಲ್ಲ. ಬೀರುವಿನ ಅಂಚು ಹಿಡಿದುಕೊಂಡು ನಿಂತಿದ್ದ.

ಮೂರು ಗಂಟೆಗೆ ಬೆಲ್ ಆಯಿತು. ಓಡಿಹೋಗಿ ತೆರೆದೆ. ಐದು ಬಿಳಿ ಗುಲಾಬಿ ಹಿಡಿದ ಒಬ್ಬ ವಿದೇಶಿ ಮುದುಕಿ. ಕೈಯಲ್ಲಿ ಕ್ಯಾಟಲಾಗಿನಿಂದ ಹರಿದ ಪುಟ. ನನಗೆ ಕೋಪ ನೆತ್ತಿಗೇರಿತು, ಆದರೆ ಬಂದವರನ್ನು ತಿರುಗಿಸುವಂತಿಲ್ಲ. ತಾತ ಆಗಲೇ ಗೋಧಿಯ ಬಟ್ಟಲು ತಂದು ಮುಂದೆ ಹಿಡಿದಿದ್ದ.

ಆಕೆ ಬೆನೆದಿತಾ, ಲಿಸ್ಬನ್ನಿನವಳು. ಕೂತು ಉಸಿರು ತೆಗೆದುಕೊಂಡ ಮೇಲೆ ಬ್ಯಾಗಿನಿಂದ ಒಂದು ಕಾಗದ ತೆಗೆದು ನನಗೆ ಕೊಟ್ಟಳು. ಈ ಊಟಕ್ಕೆ ಹೆಸರು ಕೊಟ್ಟಿದ್ದ ಎಂಟೂ ಜನರಿಗೆ ಬಂದ ಕಾಗದವಂತೆ. ಇಂಗ್ಲಿಷಿನಲ್ಲಿತ್ತು. ಈ ಕಾರ್ಯಕ್ರಮ ಇಲ್ಲ, ಇರಲೂ ಬಾರದಿತ್ತು. ಅದು ಮಾರುವ ವಸ್ತುವಲ್ಲ. ಒಂದು ಮನೆಯವರು ನನ್ನನ್ನು ಒಳಗೆ ಕರೆದರು, ನಾನು ಅವರ ಒಳಮನೆಯನ್ನು ಬೀದಿಗೆ ತಂದೆ. ತಪ್ಪು ಕಂಪನಿಯದಲ್ಲ, ನನ್ನದು. ಕೆಳಗೆ ರೆಲ್ಯನ ಸಹಿ.

ಉಳಿದದ್ದನ್ನು ಬೆನೆದಿತಾ ಇಂಗ್ಲಿಷಿನಲ್ಲೇ ಹೇಳಿದಳು. ಆಕೆಗೆ ವಿಮಾನದ ಟಿಕೆಟ್ ಆಗಿಹೋಗಿತ್ತು, ಬಂದೇ ಬಿಟ್ಟಳು. ಏರ್‌ಪೋರ್ಟಿನಲ್ಲಿ ವ್ಯಾನಿಗೆ ಸೂಟ್‌ಕೇಸ್ ಎತ್ತಿಹಾಕಿದವನ ಎದೆಯ ಮೇಲೆ ಅದೇ ಹೆಸರಿನ ಬಿಲ್ಲೆ. ಕಾಗದ ಬರೆದದ್ದಕ್ಕೆ ಅವನನ್ನು ಕರೀ ಕಾರಿನಿಂದ ಇಳಿಸಿ ಸಾಮಾನು ಹೊರಲು ಹಾಕಿದ್ದರು. ಈ ಮನೆ ಎಲ್ಲಿ ಅಂತ ದಾರಿಯುದ್ದಕ್ಕೂ ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಕೊನೆಗೆ ಫೋಟೋ ಹಿಡಿದು ಬೀದಿ ಬೀದಿ ಸುತ್ತಿದಳು. ತರಕಾರಿಯವನು ಮೀಸೆ ನೋಡಿ ಗುರುತು ಹಿಡಿದ.

"ಆತ ಕೆಟ್ಟವನಲ್ಲಮ್ಮ," ಎಂದಳು. "ಕೇಳೋಕೆ ಮರೆತವನು, ಅಷ್ಟೆ."

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಚೆನ್ನಾಗಿ ಅತ್ತೆ. ಅವನನ್ನು ಪ್ರೀತಿಸುತ್ತೇನೆ. ಕ್ಯಾಟಲಾಗ್ ನೋಡಿದ ದಿನವೂ ಪ್ರೀತಿಸುತ್ತಿದ್ದೆ, ಅದಕ್ಕೇ ಅಷ್ಟು ನೋವಾದದ್ದು. ಈಗ ಅವನು ಬರಬೇಕು. ತಾನಾಗೇ ಬರಬೇಕು.

ನಾಲ್ಕಾಯಿತು, ಐದಾಯಿತು. ಬಂದವರಲ್ಲಿ ಅರ್ಧ ಜನ ಎದ್ದು ಹೋದರು. ಬೀದಿ ದೀಪ ಹತ್ತುವ ಹೊತ್ತಿಗೆ ಎರಡನೇ ನಂಬರಿನ ಟ್ರಾಮ್ ತಿರುವಿನಲ್ಲಿ ಕಿರುಗುಟ್ಟಿ ನಿಂತಿತು. ನಾನು ಕಿಟಕಿಗೆ ಹೋಗಲಿಲ್ಲ, ಧೈರ್ಯ ಸಾಲಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಬಂತು, ನಮ್ಮ ಮಹಡಿಗೆ ಬಂದು ನಿಂತಿತು. ಬಹಳ ಹೊತ್ತು ಬೆಲ್ ಆಗಲೇ ಇಲ್ಲ.

ನಾನೇ ಬಾಗಿಲು ತೆಗೆದೆ.

ಸಾಮಾನು ಹೊರುವವರ ಬೂದು ಕೋಟಿನಲ್ಲಿ, ಒಂದು ಬಾಟಲಿ ವೈನ್ ಹಿಡಿದು ರೆಲ್ಯ ನಿಂತಿದ್ದ. ತುಸು ಬಡವಾಗಿದ್ದ. ಡ್ಯೂಟಿ ಈಗ ಮುಗಿಯಿತು ಎಂದ. ಬಾ ಒಳಗೆ ಎಂದೆ. ಅವನು ಶಿಲುಬೆ ಗುರುತು ಹಾಕಿಕೊಂಡು ಒಂದು ಚಮಚ ಗೋಧಿ ತಿಂದ, ಕಣ್ಣು ಬಟ್ಟಲಿನಿಂದ ಮೇಲೇಳಲಿಲ್ಲ. ಆಮೇಲೆ ತಾತನ ಮುಂದೆ ಹೋಗಿ ಕ್ಯಾಟಲಾಗಿನ ಸಂಗತಿಯನ್ನೆಲ್ಲ, ಮ್ಯಾನೇಜರಮ್ಮನ ಮೇಲೆ ಒಂದಿಷ್ಟೂ ಹಾಕದೆ, ಮೊದಲಿಂದ ಕೊನೆಯ ತನಕ ಹೇಳಿದ. ತಾತ ಕೇಳಿದ. ಮೇಜಿನ ಮೇಲಿದ್ದ ಆ ಹರಿದ ಪುಟ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

"ಮೀಸೆ ಚೆನ್ನಾಗಿ ಬಂದಿದೆ," ಎಂದ. "ಇನ್ನೊಂದ್ಸಲ ಕೇಳಿ ಮಾಡು."

ಅಷ್ಟೇ. ನಾನು ಮೇಜಿನ ಬಳಿಯ ಖಾಲಿ ಕುರ್ಚಿ ಎಳೆದು ಅವನಿಗೆ ಕೂತುಕೋ ಎಂದೆ. ಅವನು ಕೂರಲಿಲ್ಲ. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಅಂಗಿಯ ತೋಳು ಮಡಚತೊಡಗಿದ.

"ಕೂತ್ಕೋ ರೆಲ್ಯ. ಬೆಳಗಿಂದ ಸಾಮಾನು ಹೊತ್ತಿದ್ದೀಯ."

"ಕೂತ್ರೆ ಅತಿಥಿ ಆಗ್ತೀನಿ," ಎಂದ. ಈಗ ನೇರವಾಗಿ ನನ್ನನ್ನೇ ನೋಡಿದ. "ಹೋದ ವರ್ಷ ಅತಿಥಿಯಾಗಿ ಬಂದೆ, ನೆಟ್ಟಗೆ ಇರೋಕಾಗ್ಲಿಲ್ಲ. ನಿನ್ನ ಪ್ರೀತಿಸ್ತೀನಿ ಕೋಸರಾ. ನೀನು ಒಪ್ಪಿದ್ರೆ ನಿಂತ್ಕೋತೀನಿ. ಇಲ್ಲಾಂದ್ರೆ ಈ ಕುರ್ಚಿ ಮೇಲೆ ಕೂತು ಒಂದು ಗ್ಲಾಸ್ ಕುಡಿದು ಹೋಗ್ತೀನಿ."

ಬೆನೆದಿತಾಗೆ ನಮ್ಮ ಭಾಷೆ ಬಾರದು, ಆದರೂ ಚಮಚ ಕೆಳಗಿಟ್ಟಳು. ನಾನು ವೈನಿನ ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕೈಗೆ ಕೊಟ್ಟೆ. ಕೊಡುವಾಗ ಅವನ ಬೆರಳ ಮೇಲೆ ನನ್ನ ಬೆರಳು ಇದ್ದವು. ತೆಗೆಯಲಿಲ್ಲ.

"ನಾನೂ ಅಷ್ಟೇ," ಎಂದೆ. "ಪ್ರೀತಿಸ್ತೀನಿ. ಚೆಲ್ಲಬೇಡ, ಮೇಜಿನ ಬಟ್ಟೆ ಅಜ್ಜಿದು."

ತಾತ ಅವನನ್ನು ನೋಡಿದ, ನನ್ನನ್ನು ನೋಡಿದ. ಹಿಡಿದಿದ್ದ ಬೀರುವಿನ ಅಂಚನ್ನು ಬಿಟ್ಟ. ಮಂಡಿ ಹಿಡಿದುಕೊಂಡು ಮೆಲ್ಲಗೆ ಬಂದು, ರೆಲ್ಯನ ಕೋಟು ಹಾಕಿದ್ದ ಅದೇ ಕುರ್ಚಿಯ ಮೇಲೆ, ನಾನು ಹುಟ್ಟಿದಂದಿನಿಂದ ಸಂತ ತೋಮಾನ ದಿನ ಒಮ್ಮೆಯೂ ಕೂರದವನು, ಕೂತ. ಕಾಲು ಚಾಚಿದ. ಆಮೇಲೆ ಲೋಟವನ್ನು ಮುಂದೆ ಸರಿಸಿ, ಮೊದಲು ಆ ಲಿಸ್ಬನ್ನಿನ ಹೆಂಗಸಿಗೆ ಹಾಕು, ಆಮೇಲೆ ನನಗೆ ಎಂದು ರೆಲ್ಯನಿಗೆ ಹೇಳಿದ.