ನಾಲ್ಕು ಸೆಕೆಂಡಿನ ತಪ್ಪು

"ಸಾಧ್ಯವೇ ಇಲ್ಲ ಕಣ್ರೀ ವರ್ನಾ," ಎಂದ ಓರಿನ್. "ನನ್ನ ಹುಡುಗರು ನಾಲ್ಕು ಸೆಕೆಂಡು ತಡೆದ್ರಾ? ಅವರಮ್ಮಂದಿರೂ ನಂಬಲ್ಲ."

ವರ್ನಾ ತಲೆ ಎತ್ತಲಿಲ್ಲ. ನೆಬ್ರಾಸ್ಕಾದ ಆ ಪುಟ್ಟ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಅವಳು ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಈ ಕೆಲಸ ಮಾಡಿಕೊಡುತ್ತಿದ್ದಳು. ಶನಿವಾರ ಬೆಳಿಗ್ಗೆ ಹಿಂದಿನ ದಿನದ ಪಂದ್ಯದ ವಿಡಿಯೊ ಹಾಕುವುದು. ಚೆಂಡನ್ನು ಎಸೆಯುವ ಆಟಗಾರ, ಕ್ವಾರ್ಟರ್‌ಬ್ಯಾಕ್ ಕೋಲ್ಬಿಯ ಕೈಗೆ ಅದು ಬಂದೊಡನೆ ಗಡಿಯಾರ ಒತ್ತುವುದು. ಅವನ ಮುಂದೆ ಗೋಡೆಯಾಗಿ ನಿಂತ ಐವರನ್ನು ಭೇದಿಸಿ ಎದುರಾಳಿ ಅವನನ್ನು ಮುಟ್ಟುವಷ್ಟು ಹತ್ತಿರ ಬಂದಾಗ ನಿಲ್ಲಿಸುವುದು. ಮೂರು ಸೆಕೆಂಡು ತಡೆದರೆ ಗೋಡೆ ಗಟ್ಟಿ; ಇವತ್ತು ಅವಳು ಬರೆದುಕೊಟ್ಟದ್ದು ನಾಲ್ಕು.

ಆ ಐವರನ್ನು ತಿದ್ದುವವನು ಓರಿನ್. ಅವನ ಹೆಂಡತಿ ತೀರಿಕೊಂಡಿದ್ದಳು. ವರ್ನಾಳ ಗಂಡನೂ ದೇವರ ಪಾದ ಸೇರಿದ್ದ. ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂರುತ್ತಿದ್ದರು, ನಡುವೆ ಅವರ ಕೋಟುಗಳು. ಈ ವರ್ಷದ ಪಂದ್ಯಗಳು ಮುಗಿದರೆ ಓರಿನ್ ಡೆನ್ವರ್‌ನಲ್ಲಿರುವ ಮಗಳ ಮನೆಗೆ ಹೋಗಿಬಿಡುತ್ತಾನೆಂದು ಊರು ಹೇಳುತ್ತಿತ್ತು. ವರ್ನಾಳ ಪ್ರಾರ್ಥನೆ ಅವನ ಹೆಸರಿನ ಹತ್ತಿರ ಬಂದಾಗಲೆಲ್ಲ ತಡವರಿಸುತ್ತಿತ್ತು.

ಮುಖ್ಯ ಕೋಚ್ ಡ್ವೇನ್, ಅವಳ ಹಳೆಯ ಶಿಷ್ಯ, ಹಿಗ್ಗಿಹೋಗಿದ್ದ. "ಟೀಚರ್ ಲೆಕ್ಕ ಯಾವತ್ತಾದ್ರೂ ತಪ್ಪಿದೆಯಾ? ಮುಂದಿನ ಶುಕ್ರವಾರ ಕೋಲ್ಬಿ ನಿಧಾನಕ್ಕೆ ನಿಂತು, ದೂರಕ್ಕೆ ಎಸೀಲಿ. ಟೈಮ್ ಇದೆಯಲ್ಲ!"

"ಹಾಗೆ ನಿಂತ್ರೆ ಆ ಹುಡುಗನ ಪಕ್ಕೆಲುಬು ಮುರೀತದೆ."

"ಏನ್ ಓರಿನ್, ನಿಮ್ಮ ಹುಡುಗರನ್ನ ಹೊಗಳಿದ್ರೂ ಸಿಟ್ಟಾ?"

ಎಲ್ಲಿ ತಪ್ಪಿತೆಂದು ವರ್ನಾಳಿಗೆ ಗೊತ್ತಿತ್ತು. ವಿಡಿಯೊದ ಅಂಚಿನಲ್ಲಿ, ಮೈದಾನದ ಗೆರೆಯಾಚೆ, ಓರಿನ್ ಒಂದು ಮಂಡಿಯೂರಿ, ತನ್ನ ಹೆಗಲಿನಿಂದಲೇ ಎದುರಾಳಿಗಳನ್ನು ತಡೆಯುವವನಂತೆ ಬಾಗಿರುತ್ತಿದ್ದ. ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಹೆಬ್ಬೆರಳು ತನ್ನ ಕೆಲಸ ಮರೆಯುತ್ತಿತ್ತು.

"ಲೆಕ್ಕ ತಪ್ಪು, ಡ್ವೇನ್."

"ಗಡಿಯಾರ ಕೆಟ್ಟಿತ್ತಾ ಟೀಚರ್?"

ಹೌದೆಂದರೆ ಮುಗಿಯುತ್ತಿತ್ತು. ಅವಳ ನಾಲಿಗೆ ಒಪ್ಪಲಿಲ್ಲ.

"ಇಲ್ಲಪ್ಪ. ನಾನು ಕೋಲ್ಬೀನ ನೋಡ್ತಿರ್ಲಿಲ್ಲ. ಓರಿನ್‌ನ ನೋಡ್ತಿದ್ದೆ. ನಿಲ್ಸೋದು ಮರ್ತುಹೋಯ್ತು."

ಡ್ವೇನ್‌ನ ಕಿವಿ ಕೆಂಪಾಯಿತು. "ನಾನು... ಕಾಫಿ ತರ್ತೀನಿ."

"ಕಾಫಿ ಇಲ್ಲೇ ಇದೆಯಲ್ಲೋ," ಎಂದ ಓರಿನ್.

"ಬೇರೆ ಕಾಫಿ ತರ್ತೀನಿ!"

ಬಾಗಿಲು ಮುಚ್ಚಿತು. ವರ್ನಾ ತನ್ನ ಕೈಗಳನ್ನೇ ನೋಡುತ್ತಿದ್ದಳು. ಕುರ್ಚಿ ಎಳೆದ ಸದ್ದು ಕೇಳಿಸಿತು. ಓರಿನ್ ಪಕ್ಕದಲ್ಲಿ ಬಂದು ಕೂತ.

"ಮತ್ತೆ ಹಾಕ್ರೀ. ಈಗ ಪಕ್ಕದಲ್ಲೇ ಇದ್ದೀನಿ, ಅಲ್ಲಿ ಹುಡುಕ್ಬೇಡಿ."

ನಗು ಬಂತು, ಅದರ ಹಿಂದೆಯೇ ಕಣ್ಣೀರೂ. ಅವಳು ಮತ್ತೆ ಅಳೆದಳು. ಎರಡೂವರೆ. ಎರಡು. ಮತ್ತೆ ಎರಡೂವರೆ. ಕೋಲ್ಬಿ ನಿಲ್ಲುವಂತಿಲ್ಲ, ಬೇಗ ಎಸೆಯಬೇಕು. ಓರಿನ್‌ನ ಉಣ್ಣೆಯ ತೋಳು ಅವಳ ತೋಳಿಗೆ ತಾಗಿತ್ತು. ಇಬ್ಬರೂ ಸರಿಯಲಿಲ್ಲ.

"ಡೆನ್ವರ್‌ಗೆ ಯಾವಾಗ ಹೊರಡ್ತೀರಿ?" ಪರದೆಯಿಂದ ಕಣ್ಣು ಕೀಳದೆ ಅವಳು ಕೇಳಿದಳು.

"ಇವತ್ತು ಬೆಳಿಗ್ಗೆವರೆಗೂ ಹೊರಡ್ಬೇಕು ಅಂತಿದ್ದೆ," ಎಂದ ಓರಿನ್.