ಬೆಳದಿಂಗಳ ತೋಟಕ್ಕೆ ಬಂದ ಲೈಟಿನವನು

"ಯಾರ್ರೀ ನೀವು? ಕೈಯಲ್ಲಿರೋದನ್ನ ಮೊದಲು ಕೆಳಗಿಡಿ!"

ನಡುಮಧ್ಯಾಹ್ನದಲ್ಲಿ ಹಿತ್ತಲ ಬಾಗಿಲು ದಡಾರನೆ ತೆರೆದುಕೊಂಡಿತ್ತು. ಬಾಗಿಲಲ್ಲಿ ನಿಂತವಳ ಕಣ್ಣಲ್ಲಿ ಕೆಂಡ.

ಹಿತ್ತಲಲ್ಲಿದ್ದ ಯುವಕ ಬೆಚ್ಚಿ ತಿರುಗಿದ. ಹೆಗಲ ಮೇಲೆ ವೈರಿನ ಸುರುಳಿ, ಕಾಲ ಬಳಿ ಗೋಣಿಚೀಲ, ಕೈಯಲ್ಲಿ... ಬೇರುಸಮೇತ ಕಿತ್ತ ಗಿಡ!

"ಲೈಟ್ ಹಾಕೋಕೆ ಬಂದಿದ್ದೀನಿ ಮೇಡಂ. ಒಣಗಿದ್ದನ್ನೆಲ್ಲ ತೆಗೆದು ವೈರ್ ಎಳೀರಿ ಅಂತ ನಿಮ್ಮಣ್ಣನೇ ಹೇಳಿದ್ರು. ಈ ಸಾಲು ಪೂರ್ತಿ ಬಾಡಿ ಹೋಗಿತ್ತು, ಅದಕ್ಕೇ..."

"ಬಾಡಿ ಹೋಗಿತ್ತಾ? ಅದು ಸಂಜೆಮಲ್ಲಿಗೆ ಕಣ್ರೀ! ಸಂಜೆ ಅರಳುತ್ತೆ, ಬಿಸಿಲೇರಿದ್ರೆ ಮುದುಡುತ್ತೆ. ಮಧ್ಯಾಹ್ನ ಮಲಗಿದವರನ್ನೆಲ್ಲ ಸತ್ತೋದ್ರು ಅಂತ ಹೊತ್ಕೊಂಡು ಹೋಗ್ತೀರಾ ನೀವು?"

ಅವನು ತುಟಿ ಕಚ್ಚಿಕೊಂಡ. ನಗು ತಡೆಯಲೆಂದೇ ಕಚ್ಚಿಕೊಂಡದ್ದು ಅವಳಿಗೆ ಕಂಡುಬಿಟ್ಟಿತು.

"ನಗು ಬರುತ್ತಾ ನಿಮಗೆ? ನಡೀರಿ ಹೊರಗೆ!"

ಅವನು ಚೀಲ ಎತ್ತಿಕೊಂಡು ಹೊರಟೇ ಹೋದ. ಕಿತ್ತ ಗಿಡಗಳೆಲ್ಲ ಆ ಚೀಲದಲ್ಲೇ ಇದ್ದವು ಎಂಬುದು ಅವಳಿಗೆ ಹೊಳೆದದ್ದು ಬೈಕಿನ ಸದ್ದು ದೂರವಾದ ಮೇಲೆ. ಬರಿದಾದ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅವಳು ಅತ್ತಳು. ಅಳು ಬಂದದ್ದಕ್ಕೂ ಅವಳಿಗೆ ಸಿಟ್ಟೇ!

ಮನೆಯಲ್ಲಿ ಇವಳಿಗೆ ಸಿಡುಕಿ ಎಂದೇ ಹೆಸರು. ಇಟ್ಟವಳು ಅತ್ತಿಗೆ. ತಾಯಿ ತೀರಿಕೊಂಡಾಗ ಇವಳ ತಲೆ ಬಾಚಿ, ಜ್ವರ ಬಂದಾಗ ರಾತ್ರಿಯಿಡೀ ಎದ್ದು ಕೂತು ಸಾಕಿದವಳೂ ಅವಳೇ. ಆ ಅತ್ತಿಗೆಗೆ ಈಗ ಬಿಸಿಲು ಬಿದ್ದರೆ ಚರ್ಮ ಬೊಬ್ಬೆ ಏಳುತ್ತದೆ. ಜೋರು ದೀಪ ಕಂಡರೂ ಕಣ್ಣು ಉರಿದು ತಲೆ ಸಿಡಿಯುತ್ತದೆ. ಪರದೆ ಎಳೆದ ಕೋಣೆಯಲ್ಲೇ ಊಟ, ಅಲ್ಲೇ ನಿದ್ದೆ. "ನನ್ನ ಪಾಲಿಗೆ ಹೊರಗೆ ಅನ್ನೋದು ಮುಗೀತು ಬಿಡೇ" ಎಂದು ಅವಳು ಗೋಡೆಗೆ ಮುಖ ತಿರುಗಿಸಿದ ದಿನವೇ ಸಿಡುಕಿ ಹಿತ್ತಲನ್ನು ಅಗೆಯಲು ಶುರು ಮಾಡಿದ್ದಳು.

ಸಿಡುಕಿ ಕೆಲಸ ಮಾಡುವುದೇ ಗಿಡಗಳ ನರ್ಸರಿಯಲ್ಲಿ. ಬಿಳಿ ಹೂವಿನ ಗಿಡಗಳನ್ನಷ್ಟೇ ಆರಿಸಿ ತಂದಳು. ಅಂಚಿಗೆ ಬೂದುಬಿಳಿ ಎಲೆಯ ಗಿಡ, ಕಾಲುಹಾದಿಗೆ ಬಿಳಿ ಜಲ್ಲಿ, ಗೋಡೆಗೆ ಸುಣ್ಣ. ಬೆಳದಿಂಗಳು ಬಿದ್ದರೆ ಸಾಕು, ತೋಟವೆಲ್ಲ ಕಣ್ಣಿಗೆ ಕಾಣಬೇಕು!

ಬೇಡಿ, ಜಗಳವಾಡಿ, ಕೊನೆಗೆ ಅತ್ತಿಗೆಯ ಬಾಯಿಂದ ಮಾತು ತೆಗೆದುಕೊಂಡಿದ್ದಳು. "ಹುಣ್ಣಿಮೆಗೆ ಬರ್ತೀನಿ. ಆದ್ರೆ ಅವತ್ತೂ ಕಣ್ಣು ಉರೀತು ಅಂದ್ರೆ, ಮತ್ತೆ ಯಾವತ್ತೂ ನನ್ನ ಕರೀಬಾರದು."

ಅಂಥ ತೋಟಕ್ಕೆ ಲೈಟು!

"ಕತ್ತಲಲ್ಲಿ ಅವಳು ಎಡವಿ ಬಿದ್ರೆ ಏನು ಗತಿ ಅಂತ..." ಅಣ್ಣ ತೊದಲಿದ.

"ಹಿಡ್ಕೊಳ್ಳೋಕೆ ನೀನಿಲ್ವಾ? ಗಂಡ ಅಂತ ಇರೋದು ಯಾಕೆ?"

ಅಣ್ಣ ತಲೆ ತಗ್ಗಿಸಿ ಲೈಟಿನ ಮಾತು ಕೈಬಿಟ್ಟ. ಆದರೆ ಹಿತ್ತಲ ಗೋಡೆಯಾಚೆ ಓಣಿಯ ಬೀದಿದೀಪವಿತ್ತಲ್ಲ, ಅದಕ್ಕೆ ಬೈಯುವುದಾದರೂ ಹೇಗೆ? ಸಂಜೆಯಾದರೆ ಅದರ ಬೆಳಕು ಅರ್ಧ ತೋಟದ ಮೇಲೆ ಚೆಲ್ಲುತ್ತಿತ್ತು. ಕಂಬದತ್ತ ಚಾದರ ಕಟ್ಟಿದಳು, ಗಾಳಿಗೆ ಹಾರಿತು. ಬೀದಿದೀಪದ ಆಫೀಸಿಗೆ ಹೋಗಿ ಕೂಗಾಡಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನವೇ ಲೈಟಿನವನು ಗೇಟಿನಲ್ಲಿ ಪ್ರತ್ಯಕ್ಷ.

"ಮೇಡಂ, ಒಂದು ನಿಮಿಷ... ಆ ಗಿಡಗಳು..."

"ಇನ್ನೂ ಕೀಳೋದು ಬಾಕಿ ಇದೆಯಾ?" ಗೇಟು ಅವನ ಮೂಗಿನೆದುರೇ ಮುಚ್ಚಿತು.

"ಲೈಟ್ ಯಾಕೆ ಬೇಡ ಅಂತಾದ್ರೂ ಹೇಳ್ರೀ!"

"ನಮ್ಮ ಅತ್ತಿಗೆಯ ಕಣ್ಣಿಗೆ ಬೆಳಕು ಆಗಲ್ಲ ಕಣ್ರೀ! ತೋಟ ಹಾಳು ಮಾಡೋಕೆ ಓಣೀಲಿರೋ ದರಿದ್ರ ದೀಪ ಒಂದೇ ಸಾಕು. ನೀವು ಬೇರೆ ಬೇಕಾಗಿರಲಿಲ್ಲ!"

ಎಷ್ಟೋ ಹೊತ್ತಿನ ನಂತರ ಬೈಕು ಹೊರಟ ಸದ್ದು ಕೇಳಿತು.

'ಹೋದ್ರೆ ಹೋಗ್ಲಿ' ಅಂದುಕೊಂಡಳು. ಆದರೆ ಗಿಡಕ್ಕೆ ನೀರು ಹಾಕುವಾಗ ಆ ಕಚ್ಚಿಕೊಂಡ ತುಟಿ ಯಾಕೆ ನೆನಪಾಗಬೇಕು? ಥೂ! ನೀರಿನ ಪೈಪನ್ನು ನೆಲಕ್ಕೆ ಎಸೆದಳು.

ಹುಣ್ಣಿಮೆ ಬಂತು.

ಸಂಜೆ ಸುಗಂಧರಾಜದ ಪರಿಮಳ ಮೆಲ್ಲಗೆ ಹರಡುತ್ತಿತ್ತು. ಒಳಗೆ ಅಣ್ಣ ಅತ್ತಿಗೆಗೆ ಚಪ್ಪಲಿ ಹುಡುಕಿಕೊಡುತ್ತಿದ್ದ. ಸಿಡುಕಿ ಗೋಡೆಯತ್ತ ನೋಡಿದವಳೇ ಕಲ್ಲಾದಳು.

ಬೀದಿದೀಪದ ಕಂಬದ ಮೇಲೆ ಅವನು! ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಸ್ಪ್ಯಾನರ್. ಅವನು ಸಡಿಲಿಸಿದ್ದ ದೀಪ ವಾಲಿ, ಬೆಳಕು ಎಂದಿಗಿಂತ ಜೋರಾಗಿ ನೇರ ತೋಟದ ಮೇಲೇ ಬೀಳುತ್ತಿತ್ತು.

ಅವಳು ಹಿತ್ತಲ ಗೋಡೆಯ ಬಾಗಿಲು ತೆರೆದು ಓಣಿಗೆ ಓಡಿದಳು.

"ಇವತ್ತೇ ಬೇಕಿತ್ತಾ? ಇವತ್ತೇ ಸೇಡು ತೀರಿಸ್ಕೋಬೇಕಿತ್ತಾ?"

"ಅಯ್ಯೋ, ಒಂದು ನಿಮಿಷ ಸುಮ್ಮನಿರ್ರೀ!"

"ಇರಲ್ಲ! ನೀನು ಅಲ್ಲೇ ಇರು. ಬೆಳಗಾಗೋವರೆಗೂ ಅಲ್ಲೇ ಇರು!"

ಸಿಟ್ಟಿನ ಭರದಲ್ಲಿ ಬಹುವಚನ ಹೋಯಿತು, ಏಣಿಯೂ ಹೋಯಿತು. ಕಂಬಕ್ಕೆ ಒರಗಿಸಿದ್ದ ಏಣಿಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ದೂರ ನಿಂತುಬಿಟ್ಟಳು.

ಮೇಲಿನಿಂದ ಕಿರ್ ಎಂದು ಸ್ಪ್ಯಾನರ್ ತಿರುಗಿದ ಸದ್ದು. ದೀಪಕ್ಕೊಂದು ತಗಡಿನ ಮರೆ ಜಾರಿ ಕೂತಿತು. ಬೆಳಕೆಲ್ಲ ಓಣಿಯ ರಸ್ತೆಗೆ ಸರಿಯಿತು... ತೋಟ ಪೂರ್ತಿ ಕತ್ತಲಾಯಿತು!

ಕತ್ತಲೇ? ಅಲ್ಲ. ತೆರೆದ ಬಾಗಿಲಿನಿಂದ ನೋಡುನೋಡುತ್ತಿದ್ದಂತೆ ಜಲ್ಲಿ ಹಾದಿ ಬೆಳ್ಳಗಾಯಿತು, ಗೋಡೆ ಬೆಳ್ಳಗಾಯಿತು, ಹೂಗಳು ಒಂದೊಂದೇ ಕಣ್ಣಿಗೆ ಬಿದ್ದವು.



"ತಿಳೀತಾ ಈಗ?" ಮೇಲಿದ್ದವನ ಸಿಟ್ಟು ಈಗ ಒಡೆಯಿತು. "ಬೀದಿದೀಪ ರಿಪೇರಿನೇ ನನ್ನ ನೌಕರಿ, ಮನೆಗಳಿಗೆ ಲೈಟ್ ಹಾಕೋದು ಬಿಡುವಿದ್ದಾಗ ಅಷ್ಟೇ. ಈ ತಗಡು ಹಾಕೋಕೆ ಒಪ್ಪಿಗೆ ಪಡೆಯೋಕೆ ಆಫೀಸಲ್ಲಿ ಎಷ್ಟು ಬೈಸ್ಕೊಂಡೆ ಗೊತ್ತಾ? ಇಲ್ಲಿ ನೋಡಿದ್ರೆ ನಿಮ್ಮ ಬೈಗಳು! ಅವತ್ತು ಮನೆಗೆ ಹೋಗಿ ಸಂಜೆ ಚೀಲ ಬಿಚ್ಚಿದ್ರೆ, ಒಳಗೆ ಹೂ ಅರಳಿ ಕೂತಿದ್ವು. ಎದೆ ಧಸಕ್ಕಂತು ನಂಗೆ. ಜೀವ ಇರೋದನ್ನ ಕಿತ್ಬಿಟ್ನಲ್ಲ ಅಂತ. ಅದನ್ನೇ ಹೇಳೋಕೆ ಬಂದ್ರೆ ಮುಖಕ್ಕೇ ಗೇಟು! ಕೆಳಗೆ ನೋಡಿ!"

ಕಂಬದ ಬುಡದಲ್ಲಿ ಖಾಲಿ ಪೇಂಟಿನ ಡಬ್ಬಗಳು ಸಾಲಾಗಿದ್ದವು. ಪ್ರತಿ ಡಬ್ಬದಲ್ಲೂ ಅವಳ ಸಂಜೆಮಲ್ಲಿಗೆ. ಬಿಳಿಯಾಗಿ, ತುಂಬಾ ಅರಳಿಕೊಂಡು.

'ನಾನು ಒಂದು ಮಾತನ್ನಾದರೂ ಕೇಳಿಸಿಕೊಂಡೆನಾ?' ಅವಳು ತಲೆ ಎತ್ತಿ ಅವನನ್ನು ನೋಡಿದಳು.

"ಇಷ್ಟೆಲ್ಲ... ಯಾಕೆ ಮಾಡಿದೆ?"

"ಯಾಕೆ ಅಂದ್ರೆ! ಅತ್ತಿಗೆಗೋಸ್ಕರ ಊರನ್ನೇ ಎದುರು ಹಾಕ್ಕೊಳ್ಳೋ ಹುಡುಗೀನ ನಾನು ಎಲ್ಲೂ ನೋಡಿಲ್ಲ. ನಂಗೆ ನೀವು ಇಷ್ಟ, ಅದಕ್ಕೆ!"

ಅಷ್ಟರಲ್ಲಿ ಹಿತ್ತಲಲ್ಲಿ ಜಲ್ಲಿ ಮೆಲ್ಲಗೆ ಸದ್ದು ಮಾಡಿತು. ಅಣ್ಣನ ತೋಳು ಹಿಡಿದು ಅತ್ತಿಗೆ ತೋಟಕ್ಕಿಳಿದಿದ್ದಳು. ಮುಚ್ಚಿದ ರೆಪ್ಪೆ ಹೆದರುತ್ತಲೇ ತೆರೆಯಿತು.

"ಉರೀತಿದೆಯಾ?" ಅಣ್ಣ ಬಗ್ಗಿ ಅವಳ ಮುಖ ನೋಡಿದ.

"ಇಲ್ಲ ಕಣ್ರೀ..." ಅವಳು ತೋಟವನ್ನು ನೋಡಿದಳು, ಬಾಗಿಲಾಚೆ ನಿಂತ ನಾದಿನಿಯ ಮುಖವನ್ನೂ ನೋಡಿದಳು. "ಏ ಸಿಡುಕೀ, ಎಷ್ಟು ಕಪ್ಪಾಗಿದ್ದೀಯೇ! ದಿನಾ ಬಿಸಿಲಲ್ಲಿ ಅಗೀತಿದ್ಯಾ? ಅಲ್ಲಾ, ಪಾಪ ಆ ಹುಡುಗ ಯಾಕೆ ಕಂಬಕ್ಕೆ ನೇತಾಡ್ತಿದ್ದಾನೆ?"

ಸಿಡುಕಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಏಣಿ..." ಮೇಲಿನಿಂದ ಸಣ್ಣ ದನಿ.

"ಮೊದಲು ಇನ್ನೊಂದು ಸಲ ಹೇಳು."

"ಏಣಿ ಕೊಡಿ ಅಂತಾನಾ?"

"ಅದಲ್ಲ! ಅದಕ್ಕೆ ಮುಂಚೆ ಹೇಳಿದ್ದು!"

"ನಂಗೆ ನೀನು ಇಷ್ಟ." ಈ ಸಲ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಮೂಗೊರೆಸಿಕೊಂಡು ಏಣಿಯನ್ನು ಕಂಬಕ್ಕೆ ಒರಗಿಸಿದಳು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

"ಮತ್ತೆ ಎಳ್ಕೊಂಡು ಹೋಗಲ್ಲ ತಾನೇ?"

"ಹೋಗಲ್ಲ. ಇಳಿ."